ಚಾದರ ಹೊದ್ದ ಖೋಖೋ

೨೯ ಸೆಪ್ಟೆಂಬರ್ ೧೯೭೭, ಸೊಲ್ಲಾಪುರ

ಚಾದರದ ಅಂಗಡಿಯನ್ನು ಮಗ ಶಾಂತಲಿಂಗಪ್ಪನ ಕೈಗೆ ಕೊಟ್ಟು ಇಂದಿಗೆ ಮೂರು ತಿಂಗಳು. ಅವನು ಗಾದಿಯ ಮೇಲೆ, ನಾನು ಮನೆಯ ಕಟ್ಟೆಯ ಮೇಲೆ. ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ಮಧ್ಯಾಹ್ನದ ಊಟದ ತನಕ ಒಬ್ಬ ಮನುಷ್ಯ ಏನು ಮಾಡಬೇಕೆಂದು ಯಾರೂ ನನಗೆ ಕಲಿಸಿಲ್ಲ. ಹಾಗಾಗಿ ಈ ನೋಟುಬುಕ್ಕು ತಂದೆ.

ಇಷ್ಟು ದಿನ ನಾನು ಬರೆದದ್ದೆಲ್ಲ ಪತ್ರಗಳೇ. ಭಂಡಾರಕವಠೆಯ ಭೀಮಶಾ ಅಣ್ಣನಿಗೆ ಒಂದು, ಅಕ್ಕಲಕೋಟದ ತಂಗಿ ಲೀಲಾಬಾಯಿಗೆ ಒಂದು. ಆದರೆ ಲೀಲಾಬಾಯಿ ಪತ್ರ ಬಂತೆಂದರೆ ಓಣಿಯನ್ನೆಲ್ಲ ಕೂರಿಸಿ ಓದಿಸುತ್ತಾಳೆ. ಕೆಲವು ಮಾತು ಓಣಿಗೆ ಹೇಳುವಂಥವಲ್ಲ. ಇಲ್ಲಿ ಬರೆದರೆ ಚಿಂತೆಯಿಲ್ಲ. ಮಗ, ಸೊಸೆ, ಮೊಮ್ಮಗಳು ಎಲ್ಲರೂ ಮರಾಠಿ ಸಾಲೆಯಲ್ಲಿ ಕಲಿತವರು, ಹೆಂಡತಿ ಕಸ್ತೂರಬಾಯಿಗೆ ಓದು ಬಾರದು. ನಾನೂ ಸಾಲೆಯಲ್ಲಿ ಕಲಿತವನಲ್ಲ, ಮಠದ ಗೋಡೆಯ ಮೇಲೆ ಬರೆದಿದ್ದ ವಚನಗಳನ್ನು ನೋಡಿ ನೋಡಿ ಅಕ್ಷರ ಕೂಡಿಸಿದವನು. ಈ ಮನೆಯಲ್ಲಿ ಕನ್ನಡಕ್ಕಿಂತ ಗಟ್ಟಿ ಬೀಗವಿಲ್ಲ.

ಮಾತು ಇಷ್ಟೇ. ಮೊಮ್ಮಗಳು ದ್ರೌಪದಿಗೆ ಹದಿನೈದು ತುಂಬಿತು. ಸಾಲೆಯ ಖೋಖೋ ತಂಡದಲ್ಲಿ ಆಡುತ್ತಾಳೆ. ಚಿಕ್ಕವಳಿದ್ದಾಗ ಆಡಲಿ ಬಿಡು ಎಂದಿದ್ದೆ. ಹೋದ ವಾರ ಅಂಗಡಿಗೆ ಹೋಗಿ ಸುಮ್ಮನೆ ಕೂತಿದ್ದಾಗ ಮೈಂದರ್ಗಿಯ ಗಿರಾಕಿಯೊಬ್ಬ ಬಂದ. ನಾಲ್ಕು ಚಾದರ ಬಿಡಿಸಿ ನೋಡಿ, ಐದನೆಯದನ್ನು ಬಿಡಿಸುತ್ತ ಕೇಳಿದ: "ಸಾವುಕಾರ್ರ, ಚಡ್ಡಿ ಹಾಕ್ಕೊಂಡು ಮೈದಾನದಾಗ ಓಡ್ತಾಳಲ್ಲ, ಆ ಹುಡುಗಿ ನಿಮ್ಮ ಮನ್ಯಾಕಿ ಏನ್ರಿ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಮೂವತ್ತೆಂಟು ವರ್ಷ ಅದೇ ಗಾದಿಯ ಮೇಲೆ ಕೂತವನಿಗೆ ಮೊದಲ ಸಲ ಕಣ್ಣು ಎಲ್ಲಿಡಬೇಕು ತಿಳಿಯಲಿಲ್ಲ. ಸಂಜೆ ಮನೆಯಲ್ಲಿ ಹೇಳಿಬಿಟ್ಟೆ: ದೀಪಾವಳಿ ಆದ ಮೇಲೆ ಮೈದಾನ ಬಂದ್. ಶಾಂತಲಿಂಗಪ್ಪ ತಲೆಯಾಡಿಸಿದ. ನಾನು ಹೇಳಿದ್ದಕ್ಕೆ ಅವನು ಎಂದೂ ತಲೆ ಅಡ್ಡ ಆಡಿಸಿದವನಲ್ಲ. ದ್ರೌಪದಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು, ದೀಪಾವಳಿಯ ತನಕ ಆಡಬಹುದೇ ಎಂದು. ಆಡು ಅಂದೆ. ನಾನೇನು ರಾಕ್ಷಸನಲ್ಲ.

೭ ಅಕ್ಟೋಬರ್

ಇವತ್ತು ಮನೆಗೆ ಸಿನೆಮಾ ಬಂತು.

ದ್ರೌಪದಿಯ ಆಟದ ಟೀಚರ್ ಸಾವಿತ್ರಿಬಾಯಿ ಒಬ್ಬ ಕನ್ನಡಕದ ಮನುಷ್ಯನನ್ನು ಕರೆತಂದಿದ್ದರು. ಪುಣೆಯ ನಿರ್ದೇಶಕ. ಯಾವ ಕೆಲಸಕ್ಕೂ ಬಾರದ ಒಂಬತ್ತು ಹಳ್ಳಿ ಹುಡುಗಿಯರು ಖೋಖೋ ಕಲಿಯುತ್ತ ಕಲಿಯುತ್ತ ದೊಡ್ಡವರಾಗುವ ನಗೆಯ ಸಿನೆಮಾ ಮಾಡುತ್ತಿದ್ದಾನಂತೆ. ಅದರಲ್ಲಿ ಶ್ರೀಮಂತರ ಮಗಳೊಬ್ಬಳು ತನ್ನ ವಾಡೆಯಲ್ಲಿ ದೆವ್ವದ ಪಾರ್ಟಿ ಇಡುತ್ತಾಳೆ. ದೆವ್ವಗಳೆಲ್ಲ ಸೇರಿ ನಾಯಕಿಯನ್ನು ಅಂಗಳದಲ್ಲಿ ಖೋಖೋ ಆಡಿ ಬೆನ್ನಟ್ಟಬೇಕು. ಶೂಟಿಂಗ್ ಅಕ್ಕಲಕೋಟದ ಹೊರಗಿನ ಒಂದು ಹಳೆಯ ವಾಡೆಯಲ್ಲಿ. ದೆವ್ವಗಳಾಗಲು ಆಟ ಗೊತ್ತಿರುವ ಹುಡುಗಿಯರು ಬೇಕು. ಹೊದೆಯಲು ಬಿಳಿ ಚಾದರವೂ ಬೇಕು.

ದೆವ್ವಕ್ಕೆ ಪಾರ್ಟಿ ಯಾಕೆ ಎಂದು ಕೇಳಿದೆ. ಅಮೆರಿಕದಲ್ಲಿ ಅಕ್ಟೋಬರ್ ಮೂವತ್ತೊಂದಕ್ಕೆ ಹಾಗೊಂದು ಹಬ್ಬವಿದೆ, ಹೆಸರು ಹ್ಯಾಲೋವೀನ್, ಜನ ಭೂತದ ಸೋಂಗು ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೊಡದಿದ್ದರೆ ಕಾಡುತ್ತೇವೆ ಎನ್ನುತ್ತಾರೆ ಎಂದ. ನಮ್ಮ ಓಣಿಯ ಮಂಡಳದವರು ಗಣಪತಿ ಚಂದಾ ಪಟ್ಟಿಗೆ ಬರುವುದೂ ಹಾಗೆಯೇ, ಸೋಂಗಿನ ಖರ್ಚು ಮಾತ್ರ ಮಾಡುವುದಿಲ್ಲ ಅಂದೆ. ಅವನು ಅದನ್ನು ಚೀಟಿಯಲ್ಲಿ ಬರೆದುಕೊಂಡ.

ಬಿಳಿ ಚಾದರ ನಮ್ಮಲ್ಲಿ ಸಿಗುವುದಿಲ್ಲವೆಂದೂ ಹೇಳಿದೆ. ಸೊಲ್ಲಾಪುರದ ಚಾದರವೆಂದರೆ ಬಣ್ಣವಿರಬೇಕು, ನಡುವೆ ನವಿಲಿರಬೇಕು, ಹೊದ್ದರೆ ಭಾರ ಗೊತ್ತಾಗಬೇಕು. ಅಮೆರಿಕದ ದೆವ್ವ ಬಿಳಿಯದನ್ನು ಹೊದ್ದು ತಿರುಗುತ್ತದೆಂದರೆ ಅದಕ್ಕೆ ನವಿಲು ಸಿಕ್ಕಿರಲಿಕ್ಕಿಲ್ಲ. ನಿರ್ದೇಶಕ ಮೊದಲು ಮುಖ ಸೊಟ್ಟ ಮಾಡಿದ, ಆಮೇಲೆ ನಗಲು ಶುರುಮಾಡಿದವನು ಚಹಾ ಆರುವ ತನಕ ನಕ್ಕ.

ಒಳಗಿನಿಂದ ಶಾಂತಲಿಂಗಪ್ಪ ಹೊರಗೆ ಬಂದ. ನಮ್ಮ ಚಾದರ ಪರದೆಯ ಮೇಲೆ, ಮಹಾರಾಷ್ಟ್ರದ ಎಲ್ಲ ಊರುಗಳಲ್ಲಿ. ಅವನ ಕಣ್ಣು ಅಷ್ಟು ಹೊಳೆದದ್ದನ್ನು ಅವನ ಲಗ್ನದಲ್ಲೂ ನಾನು ನೋಡಿರಲಿಲ್ಲ. ಕೊಡುತ್ತೇವೆ ಅಂದುಬಿಟ್ಟ. ಸಾವಿತ್ರಿಬಾಯಿ ಆಗ ಮೆಲ್ಲಗೆ ದ್ರೌಪದಿಯ ಮಾತು ತೆಗೆದರು. ಅವಳೇ ತಂಡದ ಜೀವ, ಅವಳಿಲ್ಲದೆ ಉಳಿದ ಹುಡುಗಿಯರೂ ಬರುವುದಿಲ್ಲವಂತೆ.

ನಾನು ಕರಾರು ಹಾಕಿದೆ. ಚಾದರದ ಮುಖ ಕಾಣಬೇಕು, ಹುಡುಗಿಯ ಮುಖ ಕಾಣಬಾರದು. ಹೆಸರು ಎಲ್ಲಿಯೂ ಬರಬಾರದು. ಎರಡನ್ನೂ ನೋಡಿಕೊಳ್ಳಲು ನಾನೇ ಜೊತೆಗೆ ಬರುತ್ತೇನೆ. ಇದೇ ಕೊನೆಯ ಆಟ.

ದ್ರೌಪದಿ ಬಾಗಿಲ ಹಿಂದೆ ನಿಂತಿದ್ದಳು. ಕೊನೆಯದೆಂಬ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ.

೯ ಅಕ್ಟೋಬರ್

ಒಂದು ತೊಡಕು. ಕಸ್ತೂರಬಾಯಿ ಎತ್ತಿದ್ದು.

"ಲಿಂಗ ಕಟ್ಟಿದ ಕೂಸು ದೆವ್ವ ಆಗೂದು ಹೆಂಗರಿ?" ಎಂದಳು. ನನಗೆ ಅದು ಹೊಳೆದಿರಲಿಲ್ಲ. ನಮ್ಮವರು ಸತ್ತರೆ ಲಿಂಗದಲ್ಲಿ ಐಕ್ಯವಾಗುತ್ತಾರೆ. ಬೇವಿನ ಮರದಲ್ಲಿ ಕೂತು ದಾರಿಹೋಕರನ್ನು ಅಂಜಿಸಲು ಯಾರೂ ಉಳಿಯುವುದಿಲ್ಲ. ಇಲ್ಲದ ಒಂದರ ವೇಷ ಹಾಕುವುದು ಹೇಗೆ?

ಮಠದ ಬಸಯ್ಯನವರನ್ನು ಕರೆಸಿದೆವು. ಅವರು ಪಾದಪೂಜೆ ಮಾಡಿಸಿಕೊಂಡು, ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಬಹಳ ಹೊತ್ತು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದುಕೊಂಡೆ. ಆಮೇಲೆ ಕಣ್ಣು ತೆರೆಯದೆಯೇ, "ದೆವ್ವ ನಮ್ಮದಲ್ಲ, ಅಮೆರಿಕಾದ್ದು. ಪರದೇಶದ ದೆವ್ವ ನಮ್ಮ ಲಿಂಗಕ್ಕ ಹತ್ತೂದಿಲ್ಲ. ಹಣಿಗಿ ಇಬತ್ತಿ ಹಚ್ಚಿ ಮ್ಯಾಲ ಚಾದರ ಹೊಚ್ಚರಿ" ಅಂದರು.

ತಂಡದ ಒಂಬತ್ತೂ ಹುಡುಗಿಯರಿಗೆ ಬೇಕಾಗುವಷ್ಟು ವಿಭೂತಿಯನ್ನು ಕಟ್ಟಿಟ್ಟುಕೊಂಡಿದ್ದೇನೆ. ಬೇರೆ ಜಾತಿಯವರೂ ಇದ್ದಾರೆ, ಹಚ್ಚಿಕೊಂಡರೆ ಅವರಿಗೂ ಕೇಡಿಲ್ಲ.

೨೭ ಅಕ್ಟೋಬರ್, ಅಕ್ಕಲಕೋಟ

ನಿನ್ನೆ ಎಸ್‌ಟಿ ಬಸ್ಸಿನಲ್ಲಿ ಒಂಬತ್ತು ಹುಡುಗಿಯರು, ಸಾವಿತ್ರಿಬಾಯಿ, ನಾನು ಮತ್ತು ಚಾದರದ ಎರಡು ದೊಡ್ಡ ಗಂಟು ಬಂದು ಇಳಿದೆವು. ಉಳಿದುಕೊಂಡದ್ದು ಲೀಲಾಬಾಯಿಯ ಮನೆಯಲ್ಲಿ. ಅವಳು ಹುಡುಗಿಯರಿಗೆ ಕಡಕ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಒಬ್ಬಳು ಏಳು ರೊಟ್ಟಿ ತಿಂದಳು. ಅದನ್ನು ಬರೆಯುವ ಕಾರಣವಿಲ್ಲ, ಆದರೆ ಅವಳೂ ಲಿಂಗ ಕಟ್ಟಿದವಳೇ.

ಇವತ್ತು ಚಾದರಕ್ಕೆ ಕಣ್ಣು ಬಿಡುವ ಕೆಲಸ. ಸಿನೆಮಾದವನೊಬ್ಬ ಕತ್ತರಿ ಹಿಡಿದು ಬಂದು, ಹೊಸ ಕೆಂಪು ಚಾದರದ ನಡುವಿಗೇ ಇಟ್ಟ. ಮೂವತ್ತೆಂಟು ವರ್ಷ ನೂಲು ಒಂದೆಳೆ ಎದ್ದಿದ್ದರೂ ಗಿರಾಕಿಗೆ ಕೊಡದವನು ನಾನು. ಕತ್ತರಿಯನ್ನು ಕಸಿದುಕೊಂಡೆ. ಕೊನೆಗೆ ನಾನೇ ಜಾಗ ಹುಡುಕಿದೆ. ನಮ್ಮ ಚಾದರದಲ್ಲಿ ಎರಡು ನವಿಲು ಎದುರುಬದುರು ನಿಲ್ಲುತ್ತವೆ. ಎರಡರ ಕಣ್ಣಿನ ಜಾಗದಲ್ಲಿ ಸಣ್ಣ ತೂತು ಬಿಟ್ಟು ಅಂಚು ಹೊಲಿಸಿದರೆ ವಿನ್ಯಾಸ ಕೆಡುವುದಿಲ್ಲ. ಆದರೆ ನವಿಲುಗಳ ನಡುವೆ ಒಂದು ಗೇಣು ಅಂತರವಿದೆ, ಮನುಷ್ಯರ ಕಣ್ಣುಗಳ ನಡುವೆ ಅಷ್ಟಿಲ್ಲ. ಹಾಗಾಗಿ ಪ್ರತಿ ದೆವ್ವಕ್ಕೂ ಒಂದು ಕಣ್ಣು ಮಾತ್ರ ಕಾಣುತ್ತದೆ. ಎಡಗಣ್ಣಿನವರು ನಾಲ್ವರು, ಬಲಗಣ್ಣಿನವರು ಐವರು.

ನಿರ್ದೇಶಕ ಹಣೆಗೆ ಕೈ ಇಟ್ಟುಕೊಂಡು ಕೂತಿದ್ದ.

೨೯ ಅಕ್ಟೋಬರ್

ಹಗಲಲ್ಲಿಯೇ ರಾತ್ರಿ ಮಾಡಿದರು. ವಾಡೆಯ ಅಂಗಳದ ಮೇಲೆ ತಾಡಪತ್ರಿ ಎಳೆದು, ಕಿಟಕಿಗಳಿಗೆ ಉಳಿದ ಚಾದರ ಕಟ್ಟಿ, ದೊಡ್ಡ ದೀಪ ಹಚ್ಚಿದರು. ಒಳಗೆ ಇಟ್ಟಿಗೆಯ ಭಟ್ಟಿಯಷ್ಟು ಸೆಕೆ. ಅಂಗಳದ ಎರಡು ಕಂಬಗಳೇ ಖೋಖೋದ ಕಂಬಗಳು.

ನಾಯಕಿ ಪುಣೆಯ ಹುಡುಗಿ, ಸ್ವಭಾವ ಒಳ್ಳೆಯದು, ಓಡಲು ಮಾತ್ರ ಬರುವುದಿಲ್ಲ. ಕಥೆಯ ಪ್ರಕಾರ ಅವಳು ಒಂದು ನಿಮಿಷ ಯಾವ ದೆವ್ವದ ಕೈಗೂ ಸಿಗಬಾರದು. ಮೊದಲನೆಯ ಸಲ ದ್ರೌಪದಿ ಅವಳನ್ನು ಎಷ್ಟು ಬೇಗ ಮುಟ್ಟಿದಳೆಂದರೆ ಕ್ಯಾಮರಾದವನು ಇನ್ನೂ ಕಣ್ಣು ಇಟ್ಟಿರಲಿಲ್ಲ. ಎರಡನೆಯ ಸಲ ನಾಲ್ಕು ಎಣಿಸುವಷ್ಟರಲ್ಲಿ. ಮೂರನೆಯ ಸಲ ನಿರ್ದೇಶಕ ಕೈಮುಗಿದು, ನಿಧಾನ ಓಡು ತಾಯಿ ಎಂದ. ದ್ರೌಪದಿ ನಿಧಾನ ಓಡಿದಳು, ಆರು ಎಣಿಸುವಷ್ಟರಲ್ಲಿ ಮುಟ್ಟಿದಳು. ಒಂಬತ್ತು ಸಲ ಹೀಗಾಯಿತು.

ಊಟದ ಹೊತ್ತಿಗೆ ಅವಳನ್ನು ಬದಿಗೆ ಕರೆದು ಬುದ್ಧಿ ಹೇಳಿದೆ. ಸೋಲುವುದೇ ನಿನ್ನ ಕೆಲಸ, ಅದಕ್ಕೇ ಬಂದಿದ್ದೇವೆ. "ಸೋಲಾಕ ನಾ ತಯಾರ ಇದ್ದೀನಿ, ಮುತ್ಯಾ. ಕಾಲಿಗಿ ಹೇಳಿ ಸಾಕಾಗೇದ" ಅಂದಳು. ಬೆವರಿನಲ್ಲಿ ವಿಭೂತಿಯೆಲ್ಲ ಮೂಗಿಗೆ ಇಳಿದಿತ್ತು. ಒರೆಸಿ ಬೇರೆ ಹಚ್ಚಿದೆ.

ಅವಳು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದರಿಂದ ಹೇಳುತ್ತೇನೆ. ಅವಳು ಓಡುವಾಗ ಮುಂದಿನ ಹೆಜ್ಜೆ ನೋಡುವುದಿಲ್ಲ, ಎದುರಿನವಳ ಸೊಂಟ ನೋಡುತ್ತಾಳೆ. ಸೊಂಟ ಎತ್ತ ತಿರುಗುತ್ತದೋ ಅತ್ತ ಖೋ ಕೊಡುತ್ತಾಳೆ. ಎರಡು ಕಿಲೋ ಚಾದರದೊಳಗೆ, ಒಂದೇ ಕಣ್ಣಿನಲ್ಲಿ. ಅದೇನು ದೊಡ್ಡ ವಿದ್ಯೆಯಲ್ಲ. ಗಿರಾಕಿ ಯಾವ ಚಾದರ ಒಯ್ಯುತ್ತಾನೆಂದು ನಾನೂ ಅವನ ಕೈ ನೋಡಿಯೇ ಹೇಳುತ್ತಿದ್ದೆ.

ಚಾದರಗಳ ಮುಖ ಎಲ್ಲ ಸಲವೂ ಕ್ಯಾಮರಾದ ಕಡೆಗೇ ಇತ್ತು.

೩೧ ಅಕ್ಟೋಬರ್

ಬರೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ಯಾರೂ ಓದುವುದಿಲ್ಲ, ಬರೆಯುತ್ತೇನೆ.

ಬೆಳಿಗ್ಗೆ ಏಳು ರೊಟ್ಟಿಯ ಹುಡುಗಿಗೆ ಹೊಟ್ಟೆನೋವು. ಕೂರಲು ಒಂದು ದೆವ್ವ ಕಡಿಮೆ. ಇವತ್ತೇ ಕೊನೆಯ ದಿನ. ನಿರ್ದೇಶಕ ಅತ್ತ ನೋಡಿ ಇತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದ. ಕೂತರೆ ಸಾಕು ಆಜೋಬಾ, ಚಾದರದೊಳಗೆ ಯಾರಿದ್ದರೇನು, ನಿಮಗೆ ಯಾರೂ ಖೋ ಕೊಡುವುದಿಲ್ಲ ಎಂದ. ಸಾವಿತ್ರಿಬಾಯಿ ಬೇರೆ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದಿನ ಹಾಳಾಗಬಾರದೆಂದು ಒಪ್ಪಿದೆ. ಚಾದರ ಹೊದ್ದು ಐದನೆಯ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅರವತ್ತೆರಡು ವರ್ಷದ ಮೊಣಕಾಲು ಏನೆಂದಿತೋ ಅದನ್ನು ಬರೆಯುವುದಿಲ್ಲ. ನನ್ನದು ಬಲಗಣ್ಣಿನ ಚಾದರ.

ಕೆಲವು ಸಲ ಸುಸೂತ್ರವಾಗಿ ಹೋಯಿತು. ದ್ರೌಪದಿ ಕಷ್ಟಪಟ್ಟು ಸೋಲುತ್ತಿದ್ದಳು. ನನ್ನ ಮುಂದೆ ಧೂಳು, ಹಿಂದೆ ಹೆಜ್ಜೆಯ ಸದ್ದು. ಕೊನೆಯ ಸಲ ನಾಯಕಿ ಕಂಬ ಸುತ್ತಿ ನನ್ನ ಎದುರಿಗೇ ಬಂದು ನಿಂತಳು, ಎರಡು ಕೈ ದೂರ. ಆಗ ಬೆನ್ನಿನ ಮೇಲೆ ಅಂಗೈ ಬಿತ್ತು.

"ಖೋ" ಎಂಬ ಶಬ್ದ ಕಿವಿಗೆ ಮುಟ್ಟುವ ಮೊದಲೇ ನಾನು ಎದ್ದಿದ್ದೆ. ಹೇಗೆ ಎದ್ದೆ ಗೊತ್ತಿಲ್ಲ. ಮನೆಯಲ್ಲಿ ಮಣೆಯಿಂದ ಏಳಬೇಕಾದರೆ ಎರಡು ಸಲ ಶಿವನ ಹೆಸರು ಬೇಕು. ಇಲ್ಲಿ ಎದ್ದೆ, ಓಡಿದೆ, ಕೈ ಚಾಚಿದೆ. ಅವಳ ಜಡೆ ಬೆರಳಿಗೆ ತಾಗಿತು. ಔಟ್. ಆಮೇಲೆ ಚಾದರ ಕಾಲಿಗೆ ಸಿಕ್ಕಿ, ದೀಪದ ಕಂಬಕ್ಕೆ ಹೆಗಲು ಬಡಿದು, ಬೋರಲು ಬಿದ್ದೆ. ಹುಡುಗಿಯರು ಕಿರುಚಿದರು, ಅಂಜಿಕೆಯಿಂದಲ್ಲ.

ಎದ್ದು ಚಾದರ ತೆಗೆದು ದ್ರೌಪದಿಯನ್ನು ಗದರಿದೆ. ಮುದುಕನಿಗೆ ಯಾಕೆ ಖೋ ಕೊಟ್ಟೆ, ಬುದ್ಧಿಯಿಲ್ಲವೇ ಎಂದೆ. ಅವಳು ಏದುಸಿರು ಬಿಡುತ್ತಲೇ ಹೇಳಿದಳು: "ಅಕಿ ನಿಮ್ಮ ಮುಂದನ ಇದ್ದಳಲ್ಲ, ಮುತ್ಯಾ. ಖೋ ಬ್ಯಾಡಾಗಿದ್ರ ಅಲ್ಲಿ ಕೂಡಬಾರದಿತ್ತು."

ನಿರ್ದೇಶಕ ಸಿಟ್ಟಾಗುತ್ತಾನೆಂದುಕೊಂಡೆ. ಅವನು ನೆಲದ ಮೇಲೆ ಕೂತು ನಗುತ್ತಿದ್ದ. ಇದನ್ನೇ ಇಡುತ್ತೇನೆ, ಕಥೆಯನ್ನು ಬದಲಿಸುತ್ತೇನೆ ಎಂದ. ಈ ಸಂಗತಿ ಮನೆಯಲ್ಲಿ ಯಾರಿಗೂ ತಿಳಿಯಬಾರದೆಂದು ಎಲ್ಲರಿಂದಲೂ ಭಾಷೆ ತೆಗೆದುಕೊಂಡಿದ್ದೇನೆ. ಲೀಲಾಬಾಯಿಗಂತೂ ಹೇಳಲೇಬಾರದು.

೧ ನವೆಂಬರ್, ಸೊಲ್ಲಾಪುರ

ಸೊಂಟಕ್ಕೆ ಬಿಸಿ ಎಣ್ಣೆ. ಬಸ್ಸಿನ ಹೊಡೆತ ಎಂದು ಕಸ್ತೂರಬಾಯಿಗೆ ಹೇಳಿದೆ. ಬೆನ್ನಿನ ಮೇಲೆ ಅಂಗೈಯ ಗುರುತೇನೂ ಇಲ್ಲ, ಕನ್ನಡಿ ತಿರುಗಿಸಿ ನೋಡಿದೆ.

೧೪ ನವೆಂಬರ್

ದೀಪಾವಳಿ ಮುಗಿಯಿತು. ಮೈದಾನ ಬಂದ್. ದ್ರೌಪದಿ ತಕರಾರು ಮಾಡಲಿಲ್ಲ. ಆಟದ ಬಟ್ಟೆಯನ್ನು ತೊಳೆದು, ಮಡಿಸಿ, ಸಾವಿತ್ರಿಬಾಯಿಗೆ ತಿರುಗಿ ಕೊಟ್ಟು ಬಂದಳಂತೆ. ಹೆಣ್ಣುಮಕ್ಕಳು ಹೀಗೆ ತಿಳಿವಳಿಕೆಯವರಾಗಿದ್ದರೆ ಮನೆಗೆ ಚೆಂದ.

೨ ಡಿಸೆಂಬರ್

ಸಾಲೆಯಿಂದ ಬಂದ ಮೇಲೆ ದ್ರೌಪದಿ ಅಂಗಡಿಯ ಚಾದರ ಮಡಿಸುತ್ತಾಳೆ. ಮಾತಿಲ್ಲ. ಮನೆಯಲ್ಲಿ ಇಷ್ಟು ಸದ್ದಿಲ್ಲದಿರುವುದು ನನಗೆ ಹೊಸದು. ಹೊರಗಿನ ಟಾಂಗಾದ ಗಂಟೆ ಕೂಡ ಒಳಗೆ ಕೇಳುತ್ತದೆ.

೧೦ ಡಿಸೆಂಬರ್

ದ್ರೌಪದಿಯ ಕೈಯಲ್ಲಿ ಅಂಗಡಿಗೆ ಊಟದ ಡಬ್ಬಿ ಕಳಿಸಿದೆ. ಹೋಗಿ ಬರಲು ಹದಿನಾಲ್ಕು ನಿಮಿಷ. ಮೊದಲೆಲ್ಲ ಎಂಟೇ ನಿಮಿಷಕ್ಕೆ ಬರುತ್ತಿದ್ದಳು. ನನ್ನ ಗಡಿಯಾರ ಸರಿಯಿದೆಯೋ ಎಂದು ನೋಡಲು ಹೊತ್ತು ಹಿಡಿದದ್ದು. ನಾಳೆ ಮತ್ತೆ ನೋಡಬೇಕು.

೧೧ ಡಿಸೆಂಬರ್

ಹದಿನೈದು. ಗಡಿಯಾರವನ್ನು ರಿಪೇರಿಯವನಿಗೆ ತೋರಿಸಿದೆ. ಸರಿಯಾಗಿದೆಯಂತೆ.

೧೯ ಡಿಸೆಂಬರ್

ಜಿಲ್ಲಾ ಪಂದ್ಯದಲ್ಲಿ ಆ ಸಾಲೆಯ ತಂಡ ಮೊದಲ ಸುತ್ತಿನಲ್ಲಿಯೇ ಸೋತಿತು. ನಾನು ಪಂದ್ಯ ನೋಡಲು ಹೋದವನಲ್ಲ. ಡಾಕ್ಟರು ನಡೆಯಿರಿ ಎಂದಿದ್ದಾರೆ, ಮೈದಾನದ ಬದಿಯ ದಾರಿಯಲ್ಲಿ ನೆರಳಿದೆ. ಕೂತವರು ಏಳುವುದು ಬಹಳ ತಡ. ಖೋ ಕೇಳಿದ ಮೇಲೆ ಎದ್ದರೆ ಆಯಿತೇ? ಅಂಗೈ ತಾಗಿದಾಗಲೇ ಏಳಬೇಕು. ಇಷ್ಟೂ ಆ ಹುಡುಗಿಯರಿಗೆ ತಿಳಿಯುವುದಿಲ್ಲ.

ಮನೆಗೆ ಬಂದು ದ್ರೌಪದಿಗೆ ನಾನೇ, ನಿಮ್ಮವರು ಸೋತರು ಅಂದೆ. "ನಮ್ಮವರು ಯಾರು, ಮುತ್ಯಾ?" ಎಂದು ಚಾದರ ಮಡಿಸಿದಳು. ಊಟ ರುಚಿಸಲಿಲ್ಲ. ಹಿಂಡಿಗೆ ಉಪ್ಪು ಕಡಿಮೆ ಇತ್ತು.

೨೩ ಏಪ್ರಿಲ್ ೧೯೭೮

ನಾಲ್ಕು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಸಿನೆಮಾ ಸೊಲ್ಲಾಪುರಕ್ಕೆ ಬಂತು. ಶಾಂತಲಿಂಗಪ್ಪ ಪೇಟೆಯವರಿಗೆಲ್ಲ ಹೇಳಿಟ್ಟಿದ್ದ. ಅಕ್ಕಲಕೋಟದಿಂದ ಲೀಲಾಬಾಯಿ, ಭಂಡಾರಕವಠೆಯಿಂದ ಭೀಮಶಾ ಅಣ್ಣ ಬಂದರು. ಮನೆಮಂದಿಯೆಲ್ಲ ಮೂರು ಗಂಟೆಯ ಆಟಕ್ಕೆ ಹೋಗಿ ಒಂದೇ ಸಾಲಿನಲ್ಲಿ ಕೂತೆವು. ನನ್ನ ಎಡಕ್ಕೆ ಕಸ್ತೂರಬಾಯಿ, ಬಲಕ್ಕೆ ದ್ರೌಪದಿ.

ಮೊದಲ ಪೆಟ್ಟು ಶಾಂತಲಿಂಗಪ್ಪನಿಗೆ ಬಿತ್ತು. ಸಿನೆಮಾ ಕಪ್ಪುಬಿಳುಪು. ಕೆಂಪಿನ ಪಕ್ಕ ಹಳದಿ ಒಪ್ಪುತ್ತದೋ, ಹಸಿರು ಒಪ್ಪುತ್ತದೋ ಎಂದು ಅವನು ನಾಲ್ಕು ದಿನ ಕೂತು ಚಾದರ ಆರಿಸಿದ್ದ. ಎಲ್ಲವೂ ಒಂದೇ ಬೂದಿಯ ಬಣ್ಣ. ಪಾಪ, ಕುರ್ಚಿಯಲ್ಲಿ ಇಳಿದು ಹೋದ.

ದೆವ್ವದ ಪಾರ್ಟಿ ಬಂತು. ಒಕ್ಕಣ್ಣಿನ ಒಂಬತ್ತು ನವಿಲಿನ ದೆವ್ವಗಳನ್ನು ನೋಡಿ ಜನ ಸೀಟಿ ಹೊಡೆದರು. ಅದರಲ್ಲಿ ಒಂದು ಎದ್ದು ಓಡಲು ಶುರುಮಾಡಿತು, ಥಿಯೇಟರು ಒಮ್ಮೆಲೇ ಸುಮ್ಮನಾಯಿತು. ಚಾದರ ಗಾಳಿಯಲ್ಲಿ ಹಿಂದೆ ಉಳಿಯುತ್ತಿತ್ತು, ಅವಳು ಮುಂದೆ ಇರುತ್ತಿದ್ದಳು. ಶೂಟಿಂಗಿನಲ್ಲಿ ಅದು ನನಗೆ ಹಾಗೆ ಕಂಡಿರಲಿಲ್ಲ. ದ್ರೌಪದಿ ಪರದೆ ನೋಡುತ್ತಿರಲಿಲ್ಲ, ತನ್ನ ಮಡಿಲಿನ ಕೈ ನೋಡುತ್ತಿದ್ದಳು.

ಹಿಂದಿನ ಸಾಲಿನವನೊಬ್ಬ ತನ್ನ ಗೆಳೆಯನಿಗೆ ಹೇಳಿದ. ಅದು ಹುಡುಗಿ ಅಲ್ಲ, ತಾಲೀಮಿನ ಯಾವುದೋ ಗಂಡುಹುಡುಗನಿಗೆ ಚಾದರ ಹೊದಿಸಿದ್ದಾರೆ, ಹುಡುಗಿಯರಿಗೆ ಆ ಓಟ ಎಲ್ಲಿ ಬರುತ್ತದೆ ಎಂದ. ಗೆಳೆಯ ಹೌದೆಂದ. ಅವನ ಪಕ್ಕದವನೂ ಹೌದೆಂದ.

ನಾನು ಎದ್ದು ನಿಂತಿದ್ದೆ.

"ಗಂಡುಹುಡುಗ ಅಲ್ಲ" ಅಂದೆ. "ನನ್ನ ಮೊಮ್ಮಗಳು. ದ್ರೌಪದಿ ಅಂತ ಹೆಸರು. ಇಲ್ಲೇ ಕೂತಾಳ ನೋಡ್ರಿ."

ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದೆ, ಯಾರಿಗೂ ಸಂಶಯ ಉಳಿಯಬಾರದಲ್ಲ. ಮುಂದಿನ ಸಾಲುಗಳವರೂ ತಿರುಗಿದರು. ಶಾಂತಲಿಂಗಪ್ಪ ಇನ್ನೂ ಇಳಿದ. ಹಿಂದಿನಿಂದ ಯಾರೋ, ಮುತ್ಯಾ ಕೂಡ್ರಿ, ತಲೆ ಅಡ್ಡ ಬರುತ್ತದೆ ಎಂದರು. ಕೂರುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ದೆವ್ವ ದಡಬಡಿಸಿ ಎದ್ದಿತು, ಓಡಿತು, ಬೋರಲು ಬಿತ್ತು. ಥಿಯೇಟರು ಹೊಟ್ಟೆ ಹಿಡಿದು ನಕ್ಕಿತು. ಭೀಮಶಾ ಅಣ್ಣ ಕಣ್ಣೀರು ಒರೆಸಿಕೊಂಡ. ನಾನೂ ಎಲ್ಲರೊಂದಿಗೆ ನಕ್ಕೆ, ಆದಷ್ಟು ಜೋರಾಗಿ.

ಕಸ್ತೂರಬಾಯಿ ಮಾತ್ರ ನಗಲಿಲ್ಲ. ಪರದೆಯ ಮೇಲೆ ಚಾದರದ ಕೆಳಗೆ ಕಾಣುತ್ತಿದ್ದ ಬಟ್ಟೆಯನ್ನು ದಿಟ್ಟಿಸಿ ನೋಡಿ,

"ಆ ದೆವ್ವದ ಧೋತರ ನಾ ಒಗದದ್ದು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಸ್ಸಿನ ಹೊಡತ ಅಂದ್ರಿ."

೨೪ ಏಪ್ರಿಲ್

ಲೀಲಾಬಾಯಿ ಬೆಳಗಿನ ಬಸ್ಸಿಗೇ ಅಕ್ಕಲಕೋಟಕ್ಕೆ ಹೋದಳು. ಸಂಜೆಯವರೆಗೆ ಇರು ಎಂದರೂ ನಿಲ್ಲಲಿಲ್ಲ. ಓಣಿಯವರು ಕಾಯುತ್ತಿರುತ್ತಾರೆ ಅಂದಳು.

ದ್ರೌಪದಿ ನಿನ್ನೆಯಿಂದ ನನ್ನೊಡನೆ ಮಾತಾಡಿರಲಿಲ್ಲ. ಇವತ್ತು ಸಾಲೆಯಿಂದ ಬಂದವಳು ಚಾದರದ ರಾಶಿಯ ಹತ್ತಿರ ಹೋಗದೆ, ಕಟ್ಟೆಗೆ ಬಂದು ನನ್ನ ಎದುರು ಕೂತಳು.

"ಮುಖ ಕಾಣಬಾರದು ಅಂತ ನೀವ ಅಂದಿದ್ರಿ. ಹೆಸರು ಬರಬಾರದು ಅಂತ ನೀವ ಅಂದಿದ್ರಿ."

ಸಿನೆಮಾದಲ್ಲಿ ಬರಬಾರದು ಎಂದದ್ದು, ಥಿಯೇಟರಿನ ಮಾತು ಬೇರೆ ಅಂದೆ. ಈ ಉತ್ತರ ನನಗೇ ಅಷ್ಟು ಸರಿಕಾಣಲಿಲ್ಲ.

"ಊರಿಗೆಲ್ಲ ಹೇಳಿದ್ರಿ. ನನಗ ಏನ್ ಹೇಳ್ತೀರಿ?"

ಅವಳ ಕಣ್ಣು ನನ್ನ ಕಣ್ಣಿನಲ್ಲಿರಲಿಲ್ಲ, ಸೊಂಟದ ಮೇಲಿತ್ತು, ನಾನು ಯಾವ ಕಡೆ ತಿರುಗುತ್ತೇನೆಂದು ನೋಡುವವಳ ಹಾಗೆ. ತಿರುಗಲು ಕಟ್ಟೆಯಲ್ಲಿ ಜಾಗವಿರಲಿಲ್ಲ. ಬಿಸಿಲು ಬಹಳವಾಗಿದೆ, ಸಂಜೆ ಆಡುವುದು ಒಳ್ಳೆಯದಲ್ಲ, ಬೆಳಿಗ್ಗೆಯಾದರೆ ಅಡ್ಡಿಯಿಲ್ಲ ಅಂದೆ. ನಾನು ಹೇಳಿದ್ದು ಬಿಸಿಲಿನ ಮಾತು. ಅವಳು ಏನು ತಿಳಿದುಕೊಂಡಳೋ, ಎದ್ದು ಓಡಿದಳು. ಸಾವಿತ್ರಿಬಾಯಿಯವರ ಮನೆಗೆ ಹೋಗಿ ಬರಲು ಆರು ನಿಮಿಷ.

೨೭ ಏಪ್ರಿಲ್

ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋದೆವು. ಹುಡುಗಿಯನ್ನು ಒಬ್ಬಳೇ ಕಳಿಸುವ ಹೊತ್ತಲ್ಲ, ಅದಕ್ಕೇ ನಾನು ಹೋದದ್ದು. ಸಾವಿತ್ರಿಬಾಯಿ ಅವಳ ಆಟದ ಬಟ್ಟೆಯನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಚಡ್ಡಿ ಸ್ವಲ್ಪ ಗಿಡ್ಡವಾಗಿದೆ. ಇರಲಿ, ಓಡಲು ಅದೇ ಸರಿ.

ಸಾವಿತ್ರಿಬಾಯಿಯವರ ಪುಸ್ತಕದಲ್ಲಿದೆ, ಹೋದ ಅಕ್ಟೋಬರಿನಲ್ಲಿ ದ್ರೌಪದಿ ಎರಡು ನಿಮಿಷ ಐವತ್ತು ಸೆಕೆಂಡು ಯಾರ ಕೈಗೂ ಸಿಗದೆ ಓಡಿದ್ದಳು. ಜಿಲ್ಲೆಯಲ್ಲಿ ಯಾವ ಹುಡುಗಿಯೂ ಅಷ್ಟು ಓಡಿಲ್ಲವಂತೆ. ಆ ಪುಸ್ತಕವನ್ನು ನನಗೆ ಆಗ ಯಾರೂ ತೋರಿಸಿರಲಿಲ್ಲ. ತೋರಿಸಿದ್ದರೆ ನೋಡುತ್ತಿದ್ದೆನೆಂದು ಹೇಳಲಾರೆ.

ಇವತ್ತು ಅವಳು ಓಡಲು ಇಳಿದಳು. ನಾನು ಮೋಟುಗೋಡೆಯ ಮೇಲೆ ಗಡಿಯಾರ ಹಿಡಿದು ಕೂತೆ. ಎರಡನೆಯ ಖೋಗೆ ಏಳನೆಯ ಇಯತ್ತೆಯ ಒಬ್ಬ ಸಣ್ಣ ಹುಡುಗಿ ಎದ್ದು ಅವಳನ್ನು ಮುಟ್ಟಿಬಿಟ್ಟಳು. ಮುಟ್ಟಿದವಳಿಗೇ ನಂಬಿಕೆಯಾಗದೆ ತನ್ನ ಕೈ ನೋಡಿಕೊಂಡಳು.

ದ್ರೌಪದಿ ಗೋಡೆಯ ಹತ್ತಿರ ಬಂದಳು. ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ.

"ಎಷ್ಟಾತು, ಮುತ್ಯಾ?"

ಗಡಿಯಾರ ನಿಂತಿತ್ತು ಎಂದು ಹೇಳಬೇಕೆನಿಸಿತು. ಮೂವತ್ತೆಂಟು ವರ್ಷ ಅಳತೆಯಲ್ಲಿ ಸುಳ್ಳು ಹೇಳಿಲ್ಲ. "ಇಪ್ಪತ್ತು ಸೆಕೆಂಡು" ಅಂದೆ. "ಉಳಿದ ಎರಡೂವರಿ ನಿಮಿಷ ನಾ ತಿಂದೀನಿ, ಕೂಸ."

ಅವಳು ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಬಾಯಿ ಒರೆಸಿಕೊಂಡು, ಹಂಗಾದ್ರ ನಾಳೆ ಐದಕ್ಕೆ ಏಳ್ರಿ ಅಂದಳು. ಅಷ್ಟೇ. ತಿರುಗಿ ಅಂಗಣಕ್ಕೆ ಹೋಗಿ, ಮೂರನೆಯ ಚೌಕದಲ್ಲಿ ನನಗೆ ಬೆನ್ನು ಮಾಡಿ ಕೂತಳು. ಬೆನ್ನಟ್ಟುವ ಹುಡುಗಿ ಕಂಬ ಸುತ್ತಿ ಅವಳ ಕಡೆಗೇ ಬರುತ್ತಿದ್ದಳು. ಆ ಅಂಗೈ ಅವಳ ಬೆನ್ನಿಗೆ ಬೀಳುವುದನ್ನೇ ಕಾಯುತ್ತ ನಾನೂ ಗೋಡೆಯ ಮೇಲೆ ಅರ್ಧ ಎದ್ದಿದ್ದೆ.